ಮಾಲ್ಮೋದ ತಣ್ಣೀರ ಮನೆಯಲ್ಲಿ ಕಂಡ ಮೈಗಳು

ಸ್ವೀಡನ್ನಿನಿಂದ ಊರಿಗೆ ಮರಳಿ ಹತ್ತು ತಿಂಗಳಾಯಿತು. ಅಲ್ಲಿ ನೋಡಿದ ಇಗರ್ಜಿ, ಉದ್ಯಾನ, ಸೇತುವೆಗಳೆಲ್ಲ ನೆನಪಿನಲ್ಲಿ ಒಂದರೊಳಗೊಂದು ಕಲಸಿಹೋಗಿವೆ. ಒಬ್ಬ ಹೆಂಗಸಿನ ಎದೆ ಮಾತ್ರ ಇನ್ನೂ ಕಣ್ಣ ಮುಂದಿದೆ. ಎಪ್ಪತ್ತು ದಾಟಿದ ವಯಸ್ಸು. ಮಾಲ್ಮೋ ನಗರದ ಕಡಲಂಚಿನ ಸ್ನಾನಗೃಹದ ಬಿಸಿಕೋಣೆಯಲ್ಲಿ, ಮರದ ಜಗಲಿಯ ಮೇಲಿನ ಹಂತದಲ್ಲಿ ಟವೆಲ್ ಹಾಸಿಕೊಂಡು, ಮೈಮೇಲೆ ನೂಲೆಳೆಯೂ ಇಲ್ಲದೆ ಅವರು ಕುಳಿತಿದ್ದರು. ಎಡಗಡೆಯ ಮೊಲೆ ಇರಲಿಲ್ಲ. ಕಂಕುಳಿನಿಂದ ಎದೆಯ ನಡುವಿನವರೆಗೆ ಓರೆಯಾಗಿ ಹಾದ, ಎಷ್ಟೋ ವರ್ಷಗಳ ಹಿಂದೆಯೇ ಮಾಗಿ ಬೆಳ್ಳಗಾದ ಗಾಯದ ಗೆರೆ ಇತ್ತು. ಆ ಗೆರೆಯ ಮೇಲೆ ಬೆವರ ಹನಿ ಕೂಡಿ, ತುಸು ಹೊತ್ತು ನಿಂತು, ಕೆಳಗೆ ಜಾರುತ್ತಿತ್ತು. ಅವರು ಅದನ್ನು ಮುಚ್ಚಿಕೊಳ್ಳಲೂ ಇಲ್ಲ, ತೋರಿಸಿಕೊಳ್ಳಲೂ ಇಲ್ಲ. ಕಿಟಕಿಯಾಚೆಯ ಬೂದು ಸಮುದ್ರವನ್ನು ನೋಡುತ್ತಿದ್ದರು. ಟವೆಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಬಾಗಿಲ ಬಳಿ ಮುದುಡಿ ಕುಳಿತಿದ್ದ ನಾನು ಒಮ್ಮೆ ನೋಡಿ, ಕಣ್ಣು ತಗ್ಗಿಸಿ, ಮತ್ತೆ ನೋಡಿದೆ.

ಆ ದೇಶಗಳಿಗೆ ಹೊರಟವರು ಯಾರಾದರೂ ‘ಅಲ್ಲಿ ಆರೋಗ್ಯಕ್ಕೆ ಒಳ್ಳೆಯದೇನಿದೆ, ಸೌನಾ ಅಂತೆ, ಸ್ಪಾ ಅಂತೆ, ಹೋಗಬೇಕೇ’ ಎಂದು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಹೆಂಗಸು. ಆದರೆ ಅದನ್ನು ಫೋನಿನಲ್ಲಿ ಹೇಳುವುದು ಹೇಗೆಂದು ತಿಳಿಯದೆ ನೀರು ಚೆನ್ನಾಗಿದೆ, ಗಾಳಿ ಚೆನ್ನಾಗಿದೆ, ಹೋಗಿಬನ್ನಿ ಎಂದು ಹೇಳಿ ಮಾತು ಮುಗಿಸುತ್ತೇನೆ. ಹಾಗೆ ಮುಗಿಸಿದ ಮಾತುಗಳ ಸಾಲವನ್ನು ಇಲ್ಲಿ ತೀರಿಸುವ ಪ್ರಯತ್ನ ಮಾಡುತ್ತಿದ್ದೇನೆ.

ಗೋಡೆ ಕಟ್ಟಿಕೊಂಡ ಕಡಲು

ಮಗಳು ಲುಂಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಲುಂಡ್‌ನಿಂದ ಮಾಲ್ಮೋಕ್ಕೆ ರೈಲಿನಲ್ಲಿ ಕಾಲು ಗಂಟೆಯ ದಾರಿ. ನಾನು ಹೋದದ್ದು ಚಳಿಗಾಲದಲ್ಲಿ. ಡಿಸೆಂಬರಿನ ನಡುವೆ ಅಲ್ಲಿ ಹಗಲೆಂಬುದು ಸುಮಾರು 7 ಗಂಟೆ ಮಾತ್ರ, ಅದೂ ಮೋಡದ ಹಿಂದೆ. ಮಧ್ಯಾಹ್ನ ಮೂರೂವರೆಗೆ ದೀಪ ಹಚ್ಚುವ ಹೊತ್ತಾದಾಗ ಮನಸ್ಸು ಕುಗ್ಗುತ್ತಿತ್ತು, ಮಂಡಿ ಬಿಗಿಯುತ್ತಿತ್ತು. ಅಮ್ಮ ಮಂಕಾಗಿದ್ದಾಳೆಂದು ಮಗಳು ಮೊದಲು ಒಂದು ಹೋಟೆಲಿನ ಸ್ಪಾದಲ್ಲಿ ಮಸಾಜಿಗೆ ಹೆಸರು ಬರೆಸಿದಳು. ಮೆತ್ತಗಿನ ಸಂಗೀತ, ಲವಂಗದ ಎಣ್ಣೆಯ ಪರಿಮಳ, ಬಿಸಿ ಕಲ್ಲು, ಎಲ್ಲವೂ ಹಿತವಾಗಿಯೇ ಇದ್ದವು, ಬೆಂಗಳೂರಿನಲ್ಲೂ ಹೀಗೆಯೇ ಇರುತ್ತವೆ. ನಮ್ಮಲ್ಲಿ ‘ಸ್ವೀಡಿಷ್ ಮಸಾಜ್’ ಎಂದು ಫಲಕ ಹಾಕುವ ಈ ವಿದ್ಯೆಯನ್ನು ಸ್ವೀಡನ್ನಿನವರು ‘ಶಾಸ್ತ್ರೀಯ ಮಸಾಜ್’ ಎಂದಷ್ಟೇ ಕರೆಯುತ್ತಾರೆಂಬುದು ಅಲ್ಲಿ ತಿಳಿಯಿತು. ಅದರ ಹೆಸರಿನೊಂದಿಗೆ ಸದಾ ಜೋಡಿಸಲಾಗುವ ಪೇರ್ ಹೆನ್ರಿಕ್ ಲಿಂಗ್ ಎಂಬಾತ ಲುಂಡ್ ವಿಶ್ವವಿದ್ಯಾಲಯದಲ್ಲಿ ಕತ್ತಿವರಸೆ ಕಲಿಸುತ್ತಿದ್ದವನು. 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಶಿಕ್ಷಣಸಂಸ್ಥೆಯನ್ನು ಕಟ್ಟಿದವನು. ಮಸಾಜಿನಲ್ಲಿ ಇಂದು ಬಳಕೆಯಲ್ಲಿರುವ ನೀವುವ, ಹಿಸುಕುವ ಪಟ್ಟುಗಳಿಗೆ ಹೆಸರು ಕೊಟ್ಟು ಕ್ರಮಗೊಳಿಸಿದವನು ಮಾತ್ರ ಮೆಟ್ಸ್‌ಗರ್ ಎಂಬ ಡಚ್ ವೈದ್ಯ. ಲಿಂಗನ ಹೆಚ್ಚಿನ ಕೊಡುಗೆ ವ್ಯಾಯಾಮದಲ್ಲಿದೆ. ಇರಲಿ.

ಸ್ಪಾದಿಂದ ಬಂದ ಮರುದಿನ ಮಗಳ ಮನೆಯ ಕೆಳಗಿನ ಅಂತಸ್ತಿನ ನಿವೃತ್ತ ದಾದಿಯೊಬ್ಬರು ‘ಅದೆಲ್ಲ ಪ್ರವಾಸಿಗಳಿಗೆ, ನೀವು ಕಲ್ಲಿಸ್‌ಗೆ ಹೋಗಿ’ ಎಂದರು. ಕಲ್ಲಿಸ್ ಎಂಬುದು ಮಾಲ್ಮೋದವರು ಪ್ರೀತಿಯಿಂದ ಮೊಟಕುಗೊಳಿಸಿದ ಹೆಸರು. ಪೂರ್ತಿ ಹೆಸರು ರಿಬರ್ಸ್‌ಬೋರ್ಗ್ಸ್ ಕಲ್‌ಬಾದ್‌ಹೂಸ್. ಕಲ್‌ಬಾದ್‌ಹೂಸ್ ಎಂದರೆ ಅಕ್ಷರಶಃ ತಣ್ಣೀರು ಸ್ನಾನದ ಮನೆ. 1898ರಲ್ಲಿ ತೆರೆದದ್ದು. ದಡದಿಂದ ಹೊರಟ ಮರದ ಕಾಲುಸಂಕದ ಕೊನೆಗೆ, ನೀರಿನಲ್ಲಿ ಕಂಬ ಊರಿ ನಿಲ್ಲಿಸಿದ ಮರದ ಕಟ್ಟಡ. ಒಂದು ಭಾಗ ಹೆಂಗಸರಿಗೆ, ಇನ್ನೊಂದು ಗಂಡಸರಿಗೆ. 1902ರ ಡಿಸೆಂಬರಿನ ಬಿರುಗಾಳಿಗೆ ಸಿಕ್ಕಿ ಹಾಳಾಗಿ ಮತ್ತೆ ಎದ್ದು ನಿಂತಿತು. 1966ರಿಂದ ನಗರಸಭೆಯ ಸ್ವತ್ತು. ಒಳಗೆ ಹೋದರೆ ಮೂರು ಕಡೆ ಮರದ ಗೋಡೆ, ನಡುವೆ ಕಡಲು. ಗೋಡೆಯ ಬದಿಗೆ ಬೆಂಚುಗಳು, ನೀರಿಗಿಳಿಯಲು ಮೆಟ್ಟಿಲು, ಹಿಂದೆ ಬಿಸಿಕೋಣೆಗಳು. ಬಿಸಿಕೋಣೆಗೆ ಅವರ ಮಾತಿನಲ್ಲಿ ‘ಬಾಸ್ತು’; ‘ಬಾದ್‌ಸ್ತೂಗ’, ಅಂದರೆ ಸ್ನಾನದ ಗುಡಿಸಲು, ನಾಲಿಗೆಯ ಮೇಲೆ ಸವೆದು ಹಾಗಾಗಿದೆ. ಸೌನಾ ಎಂಬುದು ನೆರೆಯ ಫಿನ್‌ಲ್ಯಾಂಡಿನ ಪದ.

ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯರು ಕಡಲಸ್ನಾನವನ್ನು ಔಷಧಿಯಂತೆ ಬರೆದುಕೊಡಲಾರಂಭಿಸಿದಾಗ ಆ ಕರಾವಳಿಯ ಊರೂರಿನಲ್ಲೂ ಇಂಥ ಮನೆಗಳು ಎದ್ದವು. ಜನ ಸಮುದ್ರಕ್ಕಿಳಿಯಬೇಕು, ಆದರೆ ದಡದಲ್ಲಿರುವವರ ಕಣ್ಣಿಗೆ ಬೀಳಬಾರದು. ಗಂಡಸರೂ ಹೆಂಗಸರೂ ಒಬ್ಬರನ್ನೊಬ್ಬರು ಕಾಣಬಾರದು. ಗೋಡೆ ಕಟ್ಟಿದ್ದು ಮಾನ ಮುಚ್ಚಲು. ನಾನು ಹೋದ ದಿನ ಅದೇ ಗೋಡೆಗೆ ಬೆನ್ನು ಕೊಟ್ಟು, 3 ಡಿಗ್ರಿಯ ನೀರಿನಿಂದ ಆಗಷ್ಟೇ ಮೇಲೆದ್ದ ಅಜ್ಜಿಯರು, ಮೈಯಿಂದ ಹಬೆಯಾಡುತ್ತಿರಲು, ಬತ್ತಲೆ ನಿಂತು ಮೊಮ್ಮಕ್ಕಳ ಸುದ್ದಿ ಮಾತನಾಡುತ್ತಿದ್ದರು.

ನಿಯಮಗಳು ಸರಳ. ಮೊದಲು ಸೋಪು ಹಚ್ಚಿ ಸ್ನಾನ ಮಾಡಬೇಕು. ಬಾಸ್ತುವಿನೊಳಗೆ ಈಜುಡುಗೆ ಹಾಕುವಂತಿಲ್ಲ, ಕೆಳಗೆ ಟವೆಲ್ ಹಾಸಿಯೇ ಕೂರಬೇಕು. ಫೋನು ಹೊರಗೇ ಇರಬೇಕು. ಈ ಕೊನೆಯ ನಿಯಮವನ್ನು ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಮೇಲೆ ಯೋಚಿಸಿದಾಗ ಉಳಿದೆಲ್ಲವೂ ಅದರ ಮೇಲೆಯೇ ನಿಂತಿವೆಯೆಂದು ತೋರಿತು. ಬಟ್ಟೆ ಬಿಚ್ಚುವ ಕೋಣೆಯಲ್ಲಿ ನಾನು ಕಾಲು ಗಂಟೆ ಕುಳಿತಿದ್ದೆ. ಐವತ್ತೆಂಟು ವರ್ಷದ ನನ್ನ ಮೈಯನ್ನು ಮದುವೆಯಾದ ಗಂಡ ಮತ್ತು ಹೆರಿಗೆ ಮಾಡಿಸಿದವರ ಹೊರತು ಯಾರೂ ನೋಡಿದ್ದಿಲ್ಲ. ನಿಜ ಹೇಳಬೇಕೆಂದರೆ ನಾನೂ ಸರಿಯಾಗಿ ನೋಡಿಕೊಂಡದ್ದಿಲ್ಲ. ಸಿಸೇರಿಯನ್ನಿನ ಗೆರೆ, ಜೋತ ಹೊಟ್ಟೆ, ಒಂದು ಭುಜಕ್ಕಿಂತ ಇನ್ನೊಂದು ತಗ್ಗಿದ್ದದ್ದು, ಇವೆಲ್ಲ ಆ ಕೋಣೆಯ ಟ್ಯೂಬ್‌ಲೈಟಿನಲ್ಲಿ ಒಟ್ಟಿಗೆ ಕಂಡವು. ಕೊನೆಗೆ ಟವೆಲ್ ಸುತ್ತಿಕೊಂಡೇ ಒಳಗೆ ಹೋದೆ. ಯಾರೂ ತಿರುಗಿ ನೋಡಲಿಲ್ಲ. ನೋಡಬಾರದೆಂದು ಪ್ರಯತ್ನಪಟ್ಟು ಕಣ್ಣು ಆಚೆ ಹೊರಳಿಸಿದ್ದೂ ಅಲ್ಲ. ಬಸ್ಸಿನಲ್ಲಿ ಹತ್ತಿದವರನ್ನು ಕಂಡು ಸರಿದು ಜಾಗ ಕೊಡುವಂತೆ ಒಬ್ಬರು ಸರಿದು ಜಾಗ ಕೊಟ್ಟರು, ಅಷ್ಟೇ.

ಬಿಸಿ, ತಣ್ಣಗೆ, ಮತ್ತು ಎದ್ದು ನಿಂತ ಗಳಿಗೆ

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು, ಏಕೆಂದರೆ ನಮ್ಮ ವಯಸ್ಸಿನವರಿಗೆ ಅದು ಬೇಕಾದ ಮಾತು. ಹತ್ತು ವರ್ಷಗಳಿಂದ ನಾನು ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದೇನೆ. ಹೊರಡುವ ಮುನ್ನ ಊರಿನ ವೈದ್ಯರನ್ನು ಫೋನಿನಲ್ಲಿ ಕೇಳಿದ್ದೆ. ಒತ್ತಡ ಹತೋಟಿಯಲ್ಲಿದೆ, ಹೋಗಿ, ಆದರೆ ಬಿಸಿಯಲ್ಲಿ ಹೆಚ್ಚು ಹೊತ್ತು ಕೂರಬೇಡಿ, ನೀರಿಗೆ ಹಾರಬೇಡಿ, ಒಬ್ಬರೇ ಇಳಿಯಬೇಡಿ ಎಂದಿದ್ದರು. ಮೊದಲ ಮಾತನ್ನು ಮರೆತೆ. ಎಂಬತ್ತು ಡಿಗ್ರಿಗೂ ಮೇಲಿನ ಒಣಬಿಸಿ; ಮೊದಲ ಐದು ನಿಮಿಷ ಮೂಗಿನ ಹೊಳ್ಳೆ ಸುಟ್ಟಂತಾಗಿ, ಆಮೇಲೆ ಬೆವರು ಒಡೆದು, ಮಂಡಿಯ ಬಿಗಿತ ತಾನಾಗಿ ಸಡಿಲಿದಾಗ ಏಳುವ ಮನಸ್ಸೇ ಆಗಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಒಮ್ಮೆಲೇ ಎದ್ದು ನಿಂತೆ. ಬಿಸಿಗೆ ಚರ್ಮದ ರಕ್ತನಾಳಗಳು ಹಿಗ್ಗಿರುತ್ತವೆ, ಮಾತ್ರೆಯೂ ಅದೇ ಕೆಲಸ ಮಾಡುತ್ತಿರುತ್ತದೆ, ಬೆವರಿನಲ್ಲಿ ನೀರೂ ಹೋಗಿರುತ್ತದೆ. ಎದ್ದು ನಿಂತಾಗ ರಕ್ತ ಕಾಲಿಗಿಳಿದು ತಲೆಗೆ ಸಾಲದಾಗುತ್ತದೆ. ಇದೆಲ್ಲ ನಂತರ ಅರ್ಥಮಾಡಿಕೊಂಡದ್ದು. ಆಗ ಗೊತ್ತಾದದ್ದು ಕಿಟಕಿಯ ಸಮುದ್ರ ಓರೆಯಾದದ್ದು ಮತ್ತು ಎರಡು ಒದ್ದೆ ಕೈಗಳು ನನ್ನ ಮೊಣಕೈ ಹಿಡಿದದ್ದು. ‘ಲುಂಗ್ತ್, ಲುಂಗ್ತ್’ ಎಂಬ ದನಿ. ನಿಧಾನ, ನಿಧಾನ ಎಂದರ್ಥ. ಹಿಡಿದದ್ದು ಅವರೇ, ಗಾಯದ ಗೆರೆಯವರು.

ನನ್ನನ್ನು ಕೆಳಗಿನ ಹಂತದಲ್ಲಿ ಕೂರಿಸಿದರು. ಟವೆಲ್ ಎಲ್ಲಿಯೋ ಬಿದ್ದಿತ್ತು. ಎತ್ತಿ ಸುತ್ತಿಕೊಳ್ಳಬೇಕೆಂದು ನನಗೂ ತೋರಲಿಲ್ಲ, ಅವರಿಗೂ ತೋರಲಿಲ್ಲ. ಹೊರಗಿನ ಬೆಂಚಿಗೆ ಕರೆದೊಯ್ದು, ನಲ್ಲಿಯ ನೀರು ತುಂಬಿದ ಬಾಟಲಿಯನ್ನು ಕೈಗೆ ಕೊಟ್ಟು, ನನ್ನ ಕಾಲುಗಳನ್ನು ಎತ್ತಿ ಬೆಂಚಿನ ಮೇಲಿಟ್ಟರು. ಹಾಗೆ ಎತ್ತುವಾಗ ಬಾಗಿದ ಅವರ ಎದೆ ನನ್ನ ಮುಖದಿಂದ ಒಂದು ಗೇಣಿನ ದೂರದಲ್ಲಿತ್ತು. ಚರ್ಮ ಪಕ್ಕೆಲುಬಿನ ಮೇಲೆ ತೆಳ್ಳಗೆ ಅಂಟಿತ್ತು, ಗೆರೆಯ ಒಂದು ತುದಿಯಲ್ಲಿ ಹೊಲಿಗೆ ಹಾಕಿದ ಕಡೆ ಸಣ್ಣ ಮಡಿಕೆಯಿತ್ತು. ಉಸಿರಿನೊಂದಿಗೆ ಅದು ಏರಿಳಿಯುತ್ತಿತ್ತು. ನನಗೆ ಅಳು ಬಂತು; ತಲೆ ತಿರುಗಿದ್ದಕ್ಕೆ ಅಳುತ್ತಿದ್ದೇನೆಂದು ಭಾವಿಸಿ ಅವರು ನನ್ನ ಬೆನ್ನು ಸವರಿದರು.

ಆ ದಿನ ನಾನು ನೀರಿಗಿಳಿಯಲಿಲ್ಲ. ಒಂದು ವಾರ ಬಿಟ್ಟು ಹೋದಾಗ ಇಳಿದೆ. ತಣ್ಣೀರಿನ ವಿಷಯದಲ್ಲಿ ಎಚ್ಚರವಿರಬೇಕಾದದ್ದು ಮೊದಲ ನಿಮಿಷ. ಚರ್ಮ ಹಠಾತ್ತನೆ ತಣ್ಣಗಾದಾಗ ಉಸಿರು ತಾನಾಗಿ ಒಳಕ್ಕೆ ಸೆಳೆಯುತ್ತದೆ, ಬಳಿಕ ಏದುಸಿರು, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ತಣಿಯುತ್ತದೆ. ಆದ್ದರಿಂದಲೇ ಅಲ್ಲಿನ ಅನುಭವಸ್ಥರು ಮೆಟ್ಟಿಲು ಹಿಡಿದು ಹಿಮ್ಮುಖವಾಗಿ, ಉಸಿರನ್ನು ಉದ್ದಕ್ಕೆ ಹೊರಬಿಡುತ್ತ ಇಳಿಯುತ್ತಾರೆ, ತಲೆ ಮುಳುಗಿಸುವುದಿಲ್ಲ, ಹೆಚ್ಚಿನವರು ನಿಮಿಷದೊಳಗೆ ಮೇಲೇಳುತ್ತಾರೆ. ಹೃದಯದ ಕಾಯಿಲೆಯಿರುವವರು, ಒತ್ತಡ ಹತೋಟಿಗೆ ಬಾರದವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳದೆ ಇಳಿಯಲೇಬಾರದು. ಕುಡಿದು ಯಾರೂ ಇಳಿಯಬಾರದು. ಪ್ರವಾಸದ ಚೀಟಿಗಳಲ್ಲಿ ಇಷ್ಟನ್ನು ದಪ್ಪಕ್ಷರದಲ್ಲಿ ಮುದ್ರಿಸದಿರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಇದರಿಂದ ಆಯುಸ್ಸು ಹೆಚ್ಚುತ್ತದೆಯೇ? ಈ ವಿಷಯದಲ್ಲಿ ಬಹಳ ಉಲ್ಲೇಖಗೊಳ್ಳುವುದು ಪೂರ್ವ ಫಿನ್‌ಲ್ಯಾಂಡಿನ 2,315 ಮಧ್ಯವಯಸ್ಕ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ. ವಾರಕ್ಕೊಮ್ಮೆ ಸೌನಾ ಮಾಡುವವರಿಗಿಂತ ನಾಲ್ಕರಿಂದ ಏಳು ಸಲ ಮಾಡುವವರಲ್ಲಿ ಹಠಾತ್ ಹೃದಯಸ್ತಂಭನದ ಸಾವು ಕಡಿಮೆಯಿತ್ತು. ಆದರೆ ವಾರಕ್ಕೆ ಏಳು ಸಲ ಬಿಸಿಕೋಣೆಗೆ ಹೋಗಬಲ್ಲವನು ಮೊದಲೇ ಗಟ್ಟಿಮುಟ್ಟಾಗಿರುವ ಸಾಧ್ಯತೆಯಿದೆ, ಬಿಡುವೂ ನೆಮ್ಮದಿಯೂ ಇರುವವನಾಗಿರಬಹುದು. ಮತ್ತು ಅಲ್ಲಿ ಹೆಂಗಸರ ಲೆಕ್ಕವಿಲ್ಲ. ಹತ್ತು ದಿನದ ಪ್ರವಾಸದಲ್ಲಿ ಎರಡು ಸಲ ಬೆವರಿ ಬಂದವರು ಹೃದಯ ಗಟ್ಟಿಯಾಯಿತೆಂದು ತಿಳಿಯುವುದಕ್ಕೆ ಆಧಾರವಿಲ್ಲ. ನನಗಾದದ್ದನ್ನಷ್ಟೇ ಹೇಳಬಲ್ಲೆ: ಇಳಿದು ಬಂದ ರಾತ್ರಿಗಳಲ್ಲಿ ಕನಸಿಲ್ಲದ ನಿದ್ದೆ ಬಂತು, ಮೂರೂವರೆಯ ಕತ್ತಲು ಮೊದಲಿನಂತೆ ಹೆದರಿಸಲಿಲ್ಲ.

ಇನ್ನೊಂದು ಮಾತು. ಇಳಿಯಬಹುದಾದ ನೀರು ಇರಬೇಕಾದರೆ ಊರು ಕೆಲಸ ಮಾಡಿರಬೇಕು. ಮಾಲ್ಮೋದಿಂದ ಕಡಲಿನ ಮೇಲಿನ ಸೇತುವೆ ದಾಟಿದರೆ ಸಿಗುವ ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಬಂದರಿನ ನೀರಿಗೆ ಒಂದು ಕಾಲದಲ್ಲಿ ಚರಂಡಿಯ ಕೊಳೆ ಬಂದು ಸೇರುತ್ತಿತ್ತು. ಅದನ್ನು ತಡೆಯುವ ದೊಡ್ಡ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಮೇಲೆ 2002ರಲ್ಲಿ ಇಸ್ಲಾಂಡ್ಸ್ ಬ್ರೂಗ್ಗೆಯಲ್ಲಿ ಬಂದರಿನೊಳಗೇ ಸಾರ್ವಜನಿಕರ ಸ್ನಾನದ ತಾಣ ತೆರೆಯಿತು. ಅಲ್ಲಿ ಇಳಿಯಲು ಶುಲ್ಕವಿಲ್ಲ. ಅದನ್ನು ನೋಡಿ ನಿಂತಾಗ ನನಗೆ ನಮ್ಮ ತುಂಗೆಯ ನೆನಪಾಯಿತು.

ದೊಡ್ಡಮ್ಮನ ಬಚ್ಚಲು

ಆ ಬೆಂಚಿನ ಮೇಲೆ ನನಗೇಕೆ ಅಳು ಬಂತು ಎಂಬುದನ್ನು ಹೇಳಲು ತೀರ್ಥಹಳ್ಳಿಯ ಕಡೆಯ ಒಂದು ಬಚ್ಚಲಿಗೆ ಹೋಗಬೇಕು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮನ ಮನೆ. ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗಿ, ಕೆಮ್ಮಣ್ಣು ಸುಣ್ಣದ ಗೆರೆ ಬರೆದು, ಹಿಂಡಲೆಕಾಯಿ ಬಳ್ಳಿ ಕಟ್ಟುವುದು. ಮರುದಿನ ನಸುಕಿನಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಎಣ್ಣೆ ಒತ್ತುವುದು. ದೊಡ್ಡಮ್ಮನ ಅಂಗೈ ಒರಟು, ನೆತ್ತಿಗೆ ತಟ್ಟಿದರೆ ಹಲ್ಲು ಕದಲುತ್ತಿತ್ತು. ನಮ್ಮ ಮೈಯ ಒಂದೊಂದು ಕೀಲೂ ಅವರಿಗೆ ಗೊತ್ತಿತ್ತು. ಯಾರ ಬೆನ್ನಲ್ಲಿ ಮಚ್ಚೆ, ಯಾರ ಮಂಡಿಯಲ್ಲಿ ಹಳೆಯ ಗಾಯ, ಎಲ್ಲ. ನಮ್ಮದೆಲ್ಲ ಮುಗಿದ ಮೇಲೆ ಅವರ ಸರದಿ. ಬಚ್ಚಲಲ್ಲಿ ಒಬ್ಬರೇ ಇದ್ದಾಗಲೂ ಲಂಗವನ್ನು ಎದೆಗೆ ಬಿಗಿದು ಕಟ್ಟಿಕೊಂಡೇ ಮೀಯುತ್ತಿದ್ದರು. ಹೊಗೆಗೆ ಕಪ್ಪಿಟ್ಟ ಗೋಡೆ, ಒಲೆಯ ಬೆಂಕಿಯಲ್ಲದೆ ಬೇರೆ ಬೆಳಕಿಲ್ಲ. ಒದ್ದೆ ಲಂಗದ ಮೇಲೆಯೇ ಒಣಗಿದ್ದನ್ನು ಹಾಕಿ ಕೆಳಗಿನದನ್ನು ಜಾರಿಸುವ ಆ ಕೌಶಲ ನಮ್ಮ ಹೆಂಗಸರಿಗೆಲ್ಲ ಗೊತ್ತು. ನಾನೂ ಅದನ್ನೇ ಕಲಿತೆ.

1986ರಲ್ಲಿ ಅವರಿಗೆ ನಲವತ್ತೊಂಬತ್ತು. ಎಡಮೊಲೆಯಲ್ಲಿ ಗಂಟು ಕಾಣಿಸಿ ಒಂದೂವರೆ ವರ್ಷವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ, ತಂಗಿಯಾದ ನನ್ನಮ್ಮನಿಗೂ. ಅರಿಸಿನ ಅರೆದು ಹಚ್ಚಿಕೊಂಡು, ಸೆರಗನ್ನು ಇನ್ನೊಂದು ಸುತ್ತು ಬಿಗಿದುಕೊಂಡು ಎಂದಿನಂತೆ ಮನೆಗೆಲಸ ಮಾಡುತ್ತಿದ್ದರು. ಕೀವಿನ ವಾಸನೆ ಬರಲಾರಂಭಿಸಿದ ಮೇಲೆ ಸೊಸೆ ಕಂಡುಹಿಡಿದಳು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ಅದು ಬೆನ್ನುಮೂಳೆಗೆ ಹರಡಿಯಾಗಿತ್ತು. ಆಗ ನಾನು ಇಪ್ಪತ್ತರ ಹುಡುಗಿ, ಕಾಲೇಜಿನಿಂದ ನೋಡಲು ಹೋಗಿದ್ದೆ. ‘ಮೊದಲೇ ಯಾಕೆ ಹೇಳಲಿಲ್ಲ ದೊಡ್ಡಮ್ಮ’ ಎಂದು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: ‘ಅದನ್ನ ಹ್ಯಾಂಗೆ ತೋರ್ಸೂದು ಮಗಾ?’ ಅವರು ಹೋದ ಮೇಲೆ ನೆಂಟರಿಗೆಲ್ಲ ‘ಹೊಟ್ಟೆಯಲ್ಲಿ ಗಡ್ಡೆಯಾಗಿತ್ತು’ ಎಂದು ಹೇಳಲಾಯಿತು. ಆ ಸುಳ್ಳನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಸತ್ತವರ ಮಾನ ಕಾಯುತ್ತಿದ್ದೇವೆಂದು ಆಗ ಅನ್ನಿಸಿತ್ತು.

ಮಾಲ್ಮೋದ ಆ ಬೆಂಚಿನ ಮೇಲೆ ನನಗೆ ಕಂಡದ್ದು ದೊಡ್ಡಮ್ಮ ಬದುಕಿ ಮುದುಕಿಯಾಗಿದ್ದರೆ ಇರಬಹುದಾಗಿದ್ದ ಎದೆ.

ಆ ಊರಿಗೂ ಈ ಕಾಯಿಲೆಗೂ ಇರುವ ಸಂಬಂಧ ನನಗೆ ಗೊತ್ತಾದದ್ದು ಬಳಿಕ. ಮೊಲೆಯ ಕ್ಯಾನ್ಸರನ್ನು ಎಕ್ಸ್-ರೇಯಿಂದ ಮುಂಚಿತವಾಗಿ ಹುಡುಕಿದರೆ ಸಾವು ತಗ್ಗುತ್ತದೆಯೇ ಎಂದು ಪರೀಕ್ಷಿಸಲು 1976ರಲ್ಲಿ ಮಾಲ್ಮೋದಲ್ಲೇ 42,000ಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ ದೊಡ್ಡ ಅಧ್ಯಯನ ಆರಂಭಿಸಿದ್ದರು. ಅದರ ಫಲಿತಾಂಶ ಸರಳವಾಗಿರಲಿಲ್ಲ. ಕೆಲವು ವಯಸ್ಸಿನವರಿಗೆ ಲಾಭ ಕಂಡಿತು, ಎಂದೂ ತೊಂದರೆ ಕೊಡದಿರಬಹುದಾಗಿದ್ದ ಗಂಟುಗಳಿಗೂ ಚಿಕಿತ್ಸೆಯಾಗಿಬಿಡುವ ಪ್ರಶ್ನೆಗೂ ಆ ಊರಿನ ಅಂಕಿಗಳೇ ಆಧಾರವಾದವು. ಇಂದು ಸ್ವೀಡನ್ನಿನಲ್ಲಿ 40ರಿಂದ 74 ವರ್ಷದ ಹೆಂಗಸರಿಗೆಲ್ಲ ತಪಾಸಣೆಗೆ ಬರಹೇಳಿ ಕಾಗದ ಬರುತ್ತದೆ, 2016ರಿಂದ ಅದಕ್ಕೆ ಶುಲ್ಕವೂ ಇಲ್ಲ. ಕೆಳಗಿನ ಅಂತಸ್ತಿನ ದಾದಿ ತಮಗೆ ಬಂದಿದ್ದ ಕಾಗದವನ್ನು ಅಡುಗೆಮನೆಯ ಫ್ರಿಜ್ಜಿನ ಮೇಲೆ, ಮೊಮ್ಮಗಳು ಬರೆದ ಚಿತ್ರದ ಪಕ್ಕ ಅಂಟಿಸಿದ್ದರು. ಮನೆಗೆ ಬಂದವರೆಲ್ಲ ಅದನ್ನು ಓದಬಹುದಿತ್ತು.

ಮೂರನೆಯ ಸಲ

ಊರಿಗೆ ಹೊರಡುವ ಹಿಂದಿನ ಭಾನುವಾರ ಮಗಳೂ ಕಲ್ಲಿಸ್‌ಗೆ ಬಂದಳು. ಅವಳಿಗೆ ಮೂವತ್ತೊಂದು, ಹನ್ನೆರಡನೆಯ ವಯಸ್ಸಿನಿಂದ ನನ್ನ ಮುಂದೆ ಬಟ್ಟೆ ಬದಲಿಸಿದವಳಲ್ಲ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಬಟ್ಟೆ ಬಿಚ್ಚಿದೆವು, ಟವೆಲ್ ಕೈಯಲ್ಲಿ ಹಿಡಿದು ಒಳಗೆ ಹೋದೆವು. ಸೌದೆಯ ಒಲೆಯಿದ್ದ ಕೋಣೆಯಲ್ಲಿ ಅಂದು ನಾವಲ್ಲದೆ ಇನ್ನಿಬ್ಬರಿದ್ದರು. ಸೌದೆ ಸಿಡಿಯುವ ಸದ್ದು, ಕಾದ ಮರದ ವಾಸನೆ; ಕಣ್ಣು ಮುಚ್ಚಿದರೆ ಬಚ್ಚಲೇ. ಅವಳ ಬೆನ್ನಿನಲ್ಲಿ, ಸೊಂಟಕ್ಕಿಂತ ಮೇಲೆ, ನಾನು ಮರೆತೇಬಿಟ್ಟಿದ್ದ ಕಂದು ಮಚ್ಚೆ ಇತ್ತು. ಹುಟ್ಟಿದ ದಿನ ನೋಡಿ ನೆನಪಿಟ್ಟುಕೊಂಡಿದ್ದ ಮಚ್ಚೆ.

ಅವಳಿಗೆ ಗಾಯದ ಗೆರೆಯ ಹೆಂಗಸಿನ ವಿಷಯ ಹೇಳಿದೆ. ಆಮೇಲೆ ದೊಡ್ಡಮ್ಮನ ವಿಷಯ ಹೇಳಿದೆ, ಮೊದಲ ಬಾರಿಗೆ, ಇದ್ದದ್ದನ್ನು ಇದ್ದಂತೆ. ಅವಳು ಬಹಳ ಹೊತ್ತು ಒಲೆಯ ಕಡೆ ನೋಡುತ್ತಿದ್ದಳು.

‘ಇಲ್ಲಿನ ಡಾಕ್ಟರು ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದ್ದರು ಅಮ್ಮ. ನಾನು ಇಲ್ಲ ಅಂದಿದ್ದೆ.’

‘ಇತ್ತು ಅಂತ ಹೇಳು.’

‘ಎಷ್ಟು ವಯಸ್ಸಾಗಿತ್ತು ಅವರಿಗೆ?’

‘ಗೊತ್ತಾದಾಗ ನಲವತ್ತೊಂಬತ್ತು. ಶುರುವಾದಾಗ ಇನ್ನೂ ಚಿಕ್ಕವರು.’

ಅವಳು ತಲೆಯಾಡಿಸಿ, ಯಾವ ಕಡೆಯದು ಎಂದು ಕೇಳಿದಳು. ನಾನು ನನ್ನ ಎಡ ಎದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅಜ್ಜಿಗೆ, ಅಂದರೆ ನನ್ನಮ್ಮನಿಗೆ, ಏನೂ ಇರಲಿಲ್ಲವೇ ಎಂದಳು, ಇರಲಿಲ್ಲ ಎಂದೆ. ನೀನು ಪರೀಕ್ಷೆ ಮಾಡಿಸಿದ್ದೀಯಾ ಎಂದಳು. ಇಲ್ಲ, ಹೋದ ಮೇಲೆ ಮಾಡಿಸುತ್ತೇನೆ ಎಂದೆ. ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಮಾಡಿಸಿದೆ, ಜೊತೆಗೆ ದೊಡ್ಡಮ್ಮನ ಮಗಳನ್ನೂ ಸೊಸೆಯನ್ನೂ ಕರೆದುಕೊಂಡು ಹೋಗಿದ್ದೆ.

ಬಿಸಿ ಸಾಕಾಗಿ ಇಬ್ಬರೂ ನಿಧಾನವಾಗಿ ಎದ್ದೆವು. ಹೊರಗೆ ಗಾಳಿಯಿತ್ತು, ಸೇತುವೆ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು. ಮೆಟ್ಟಿಲ ಬಳಿ ನಿಂತಿದ್ದ ಇಬ್ಬರು ಅಜ್ಜಿಯರು ನಮಗಾಗಿ ಸರಿದರು. ಮಗಳು ಕಂಬಿ ಹಿಡಿದು ಹಿಮ್ಮುಖವಾಗಿ ಮೊದಲು ಇಳಿದಳು. ನೀರು ಸೊಂಟ ಮುಟ್ಟಿದಾಗ ‘ಅಮ್ಮಾ’ ಎಂದು ಕೂಗಿದಳು. ಉಸಿರು ಬಿಡು, ಉದ್ದಕ್ಕೆ ಬಿಡು ಎನ್ನುತ್ತ ನಾನೂ ಒಂದು ಮೆಟ್ಟಿಲು ಇಳಿದೆ.